ಮಿಶನ್ನಿನ ಶಬ್ದ ನಿಂತ ಎರಡು ತಿಂಗಳು

ನಾನು ಮೋಟರು ರಿಪೇರಿಯವನು. ವಾಮದಪದವು ಪೇಟೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅಂಗಡಿ ಇಟ್ಟುಕೊಂಡಿದ್ದೇನೆ. ಸುಟ್ಟುಹೋದ ಪಂಪಿನ ಮೋಟರು ಬಿಚ್ಚಿ, ಒಳಗಿನ ತಾಮ್ರದ ತಂತಿ ಕಿತ್ತು ಹೊಸತು ಸುತ್ತಿ, ಬೇರಿಂಗ್ ಬದಲಿಸಿ ಕೊಡುವುದು ನನ್ನ ಕಸುಬು. ಬೆಳ್ತಂಗಡಿಯ ಆಚೆ ಚಾರ್ಮಾಡಿಯಿಂದಲೂ, ಈ ಕಡೆ ಮೂಡುಬಿದಿರೆಯಿಂದಲೂ ಜನ ನನ್ನನ್ನೇ ಹುಡುಕಿಕೊಂಡು ಬರುವುದುಂಟು. ಅದಕ್ಕೆ ಕಾರಣ ನನ್ನ ಕಿವಿ. ಬಿಚ್ಚುವ ಮೊದಲೇ ರೋಗ ಹೇಳುತ್ತೇನೆ. ಓಡುವ ಮೋಟರಿನ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಅದರ ಹಿಡಿಯನ್ನು ಕಿವಿಗೆ ಇಟ್ಟರೆ ಸಾಕು. ಬೇರಿಂಗ್ ಸವೆದದ್ದಕ್ಕೆ ಒಂದು ಶಬ್ದ, ತಿರುಗುವ ದಂಡವನ್ನು ಹಿಡಿದಿಡುವ ಬುಶ್ ಒಣಗಿದ್ದಕ್ಕೆ ಇನ್ನೊಂದು, ಒಳಗೆ ಕಲ್ಲು ಹೋಗಿದ್ದರೆ ಅದಕ್ಕೆ ಮತ್ತೊಂದು. ಈ ಕಿವಿಯ ಬಗ್ಗೆ ನನಗೆ ಬಹಳ ಅಹಂಕಾರ ಇತ್ತು. ಸಿಟ್ಟು ಕೂಡ ಇತ್ತು. ಅದು ಅಪ್ಪನಿಂದ ಬಂದ ಆಸ್ತಿ, ಬೇರೆ ಏನನ್ನೂ ಅವರು ಬಿಟ್ಟುಹೋಗಲಿಲ್ಲ.

ನಾನು ಹೇಳಹೊರಟದ್ದು ನನ್ನ ಕಸುಬಿನ ವಿಷಯವಲ್ಲ, ನನ್ನ ಹೆಂಡತಿಯ ಬಲಗೈಯ ವಿಷಯ. ಮೂರು ವರ್ಷದ ಹಿಂದೆ ಅವಳ ಬಲ ಎದೆಯಲ್ಲಿ ಗಂಟು ಕಾಣಿಸಿತು. ಮಂಗಳೂರಿನಲ್ಲಿ ಆಪರೇಶನ್ ಆಯಿತು. ಎದೆ ತೆಗೆದರು, ಕಂಕುಳಿನ ಕೆಳಗಿನ ಗ್ರಂಥಿಗಳನ್ನೂ ತೆಗೆದರು. ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನನ್ನನ್ನು ಎದುರು ಕೂರಿಸಿಕೊಂಡು, ಶಾಲೆಯ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು.

"ಆ ಕೈಯಲ್ಲಿ ನೀರು ಇಳಿದು ಹೋಗುವ ದಾರಿ ಈಗ ಇಲ್ಲ. ಕೈ ಬೀಗಬಹುದು. ಬೀಗಿದ ಕೈಗೆ ಒಂದು ಸಣ್ಣ ಗೀರು ಬಿದ್ದರೂ ನಂಜು ಇಡೀ ಕೈಗೆ ಏರುತ್ತದೆ, ರಕ್ತಕ್ಕೆ ಹೋದರೆ ಜೀವಕ್ಕೇ ಅಪಾಯ. ಭಾರ ಎತ್ತುವುದು ಬೇಡ, ಬಿಸಿನೀರು ಬೇಡ, ಪಾತ್ರೆ ತಿಕ್ಕುವುದು ಬೇಡವೇ ಬೇಡ. ಅರ್ಥ ಆಯ್ತಾ?"

"ಆಯ್ತು ಡಾಕ್ಟ್ರೆ," ಅಂದೆ.

ಆಯ್ತು ಅಂದವನಿಗೆ ಅರ್ಥ ಆದದ್ದು ಏನು ಅಂತ ಕೇಳಿದರೆ, ಪಾತ್ರೆ ತೊಳೆಯುವ ಒಂದು ಮಿಶನ್ ತರಬೇಕು ಎಂಬುದು! ಇದನ್ನು ನಾನು ನಗಾಡಲಿಕ್ಕೆ ಬರೆಯುತ್ತಿಲ್ಲ. ಮನೆಯಲ್ಲಿ ಇರುವುದು ನಾವಿಬ್ಬರು. ಒಬ್ಬಳೇ ಮಗಳು, ಮದುವೆಯಾಗಿ ಮೂಡುಬಿದಿರೆಯಲ್ಲಿದ್ದಾಳೆ, ಅಲ್ಲೇ ಶಾಲೆಯಲ್ಲಿ ಟೀಚರು. ಊಟದ ಎರಡು ಬಟ್ಟಲು, ಎರಡು ಲೋಟ, ಅನ್ನದ ಪಾತ್ರೆ, ಪದಾರ್ಥದ ಪಾತ್ರೆ, ಸೌಟು ಇಷ್ಟೇ. ಇದನ್ನು ನಾನು ತೊಳೆಯಬಹುದು ಎಂಬ ಯೋಚನೆ ನನ್ನ ತಲೆಗೆ ಬರಲೇ ಇಲ್ಲ. ನನ್ನ ಅಮ್ಮ ಹೇಳುತ್ತಿದ್ದರು, ಗಂಡಸು ಎಂಜಲು ಬಟ್ಟಲಿಗೆ ಕೈ ಹಾಕಿದರೆ ಮನೆಗೆ ಏಳಿಗೆ ಇಲ್ಲ ಅಂತ. ನಮ್ಮ ಮನೆಯಲ್ಲಿ ಊಟ ಆದ ಮೇಲೆ ಗಂಡಸರು ಬಟ್ಟಲಲ್ಲಿಯೇ ಕೈ ತೊಳೆದು ಏಳುವುದು. ಆ ಬಟ್ಟಲು ಮತ್ತೆ ಎಲ್ಲಿಗೆ ಹೋಗುತ್ತದೆ, ಮರುದಿನ ಹೇಗೆ ಹೊಳೆಯುತ್ತ ಬರುತ್ತದೆ, ನಾವು ಕೇಳಿದವರಲ್ಲ.

ಮಗಳು ಒಮ್ಮೆ ಹೇಳಿದಳು. ಮನೆಗೆ ಹೊರಟ ಆ ದಿನವೇ, ಆಸ್ಪತ್ರೆಯ ಮೆಟ್ಟಿಲಿನಲ್ಲಿ ನಿಂತು, "ಅಪ್ಪ, ಮಿಶನ್ ಎಲ್ಲ ಯಾಕೆ? ಇಬ್ಬರ ಪಾತ್ರೆ, ನೀವೇ ತೊಳೆಯಬಹುದಲ್ಲ," ಅಂದಳು.

"ನಿನ್ನ ಗಂಡನ ಮನೆಯಲ್ಲಿ ಇದನ್ನೇ ಕಲಿಸಿದ್ದಾ ನಿನಗೆ?" ಅಂತ ಕೇಳಿದೆ. ಅವಳು ಮುಖ ತಿರುಗಿಸಿ ಔಷಧಿಯ ಅಂಗಡಿಗೆ ಹೋದಳು.

ಮಿಶನ್ ಬಂತು. ಟೆಂಪೋದಿಂದ ಇಳಿಸುವಾಗ ಅಕ್ಕಪಕ್ಕದವರೆಲ್ಲ ನೋಡಲು ಬಂದರು. "ಹೆಂಡತಿಗೆ ಪಾತ್ರೆ ತೊಳೆಯುವ ಮಿಶನ್ ತಂದ ಗಂಡಸು ಈ ಊರಲ್ಲಿ ನೀವೊಬ್ಬರೇ ಮಾರಾಯ್ರೆ," ಅಂದರು. ನನ್ನ ಎದೆ ಉಬ್ಬಿತು. ಅವಳು ಸೆರಗಿನ ಒಳಗೆ ಬಲಗೈ ಇಟ್ಟುಕೊಂಡು ಬಾಗಿಲಿನಲ್ಲಿ ನಿಂತು ನಗುತ್ತಿದ್ದಳು. ಮೂವತ್ತು ವರ್ಷ ಬೀಡಿ ಕಟ್ಟಿದ ಕೈ ಅದು. ನಾನು ಮಂಗಳೂರಿನಲ್ಲಿ ಕೆಲಸ ಕಲಿಯುತ್ತಿದ್ದಾಗ ಮನೆ ನಡೆದದ್ದು ಆ ಕೈಯಿಂದ.

ಒಂದೂವರೆ ವರ್ಷ ಮಿಶನ್ ಚೆನ್ನಾಗಿಯೇ ಓಡಿತು. ದಿನಕ್ಕೆ ಒಮ್ಮೆ, ಮಧ್ಯಾಹ್ನದ ಊಟ ಆದ ಮೇಲೆ, ಹಿಂದಿನ ರಾತ್ರಿಯದ್ದನ್ನೂ ಸೇರಿಸಿ ಹಾಕುತ್ತಿದ್ದಳು. ಮೀನು ಬೇಯಿಸುವ ಮಣ್ಣಿನ ಪಾತ್ರೆ ಮಾತ್ರ ಅದರೊಳಗೆ ಹೋಗುವುದಿಲ್ಲ, ಅದನ್ನು ಎಡಗೈಯಲ್ಲಿ ಹೇಗೋ ತೊಳೆಯುತ್ತೇನೆ ಅಂದಳು. ನಾನು ಹೂಂ ಅಂದೆ. ನನಗೆ ಊಟದ ಮೇಲೆ ಅರ್ಧ ಗಂಟೆ ಮಲಗುವ ಅಭ್ಯಾಸ. ಮೂರು ಗಂಟೆಗೆ ಎದ್ದು ಚಾ ಕುಡಿದು ಅಂಗಡಿಗೆ ಹೋಗುವುದು. ನಾನು ಮಲಗಿದಾಗ ಅಡುಗೆಮನೆಯಲ್ಲಿ ಮಿಶನ್ನಿನೊಳಗೆ ನೀರು ಸುಯ್ ಅನ್ನುತ್ತಿತ್ತು, ಅದರಿಂದ ನಿದ್ದೆ ಇನ್ನೂ ಚೆನ್ನಾಗಿ ಬರುತ್ತಿತ್ತು.

ಆಮೇಲೆ ಶಬ್ದ ಸುರುವಾಯಿತು. ಮೊದಲು ಟಕ್ ಟಕ್ ಅಂತ. ಅದನ್ನು ಹಿಡಿಯಲು ನನಗೆ ಎರಡು ನಿಮಿಷ ಬೇಕಾಗಲಿಲ್ಲ. ಮಿಶನ್ನಿನ ಒಳಗೆ ನೀರು ಚಿಮ್ಮಿಸುತ್ತ ತಿರುಗುವ ಒಂದು ಉದ್ದದ ಕೈ ಇರುತ್ತದೆ. ಅವಳು ಸೌಟನ್ನು ನೆಟ್ಟಗೆ ನಿಲ್ಲಿಸಿದ್ದಳು, ತಿರುಗುವ ಕೈ ಪ್ರತಿ ಸುತ್ತಿಗೂ ಅದಕ್ಕೆ ಬಡಿಯುತ್ತಿತ್ತು. "ಇಷ್ಟು ಸಣ್ಣ ವಿಷಯ ಗೊತ್ತಾಗುವುದಿಲ್ವಾ ನಿನಗೆ? ಸೌಟನ್ನು ಮಲಗಿಸಬೇಕು," ಅಂದೆ. ಅವತ್ತಿನಿಂದ ಮಲಗಿಸಿದಳು.

ಎರಡು ವಾರ ಕಳೆದು ಇನ್ನೊಂದು ಶಬ್ದ. ಈ ಸಲ ಗರಗರ. ಮಲಗಿದ್ದವನು ಎದ್ದು ಬಂದು ಮಿಶನ್ ನಿಲ್ಲಿಸಿ, ತಳದ ಜಾಲರಿ ತೆಗೆದು ಒಳಗೆ ಬೆರಳು ಹಾಕಿದೆ. ಮರುವಾಯಿಯ, ಅದೇ ಹೊಳೆಯ ಚಿಪ್ಪುಮೀನಿನ, ಚಿಪ್ಪಿನ ಚೂರು ಸಿಕ್ಕಿತು. ಹಿಂದಿನ ದಿನ ನಾನೇ ಫರಂಗಿಪೇಟೆಯಿಂದ ಮರುವಾಯಿ ತಂದು, ಕಾಯಿತುರಿ ಹಾಕಿ ಸುಕ್ಕ ಮಾಡು ಅಂತ ಕೊಟ್ಟದ್ದು. ಹೊಳೆಯ ಚಿಪ್ಪು, ಕಲ್ಲಿನಷ್ಟು ಗಟ್ಟಿ. ನಾನು ತಿಂದು ಬಟ್ಟಲಲ್ಲಿ ಬಿಟ್ಟ ಚಿಪ್ಪುಗಳನ್ನು ಅವಳು ಎತ್ತಿ ಬಿಸಾಡುವಾಗ ಒಂದು ಚೂರು ಅಂಟಿಕೊಂಡು ಉಳಿದಿರಬೇಕು. ಅದನ್ನು ಅವಳ ಮುಖದ ಹತ್ತಿರ ಹಿಡಿದು, "ಇದು ಎಂತದು? ಕಣ್ಣು ಕಾಣುವುದಿಲ್ವಾ? ಬಟ್ಟಲು ಚಂದ ಮಾಡಿ ತೊಳೆದು ಒಳಗೆ ಇಡ್ಲಿಕ್ಕೆ ಆಗುವುದಿಲ್ವಾ?" ಅಂದೆ.

ಬಟ್ಟಲು ತೊಳೆದು ಒಳಗೆ ಇಡು ಅಂತ ನನ್ನ ಬಾಯಿಂದಲೇ ಬಂತು! ಬಂದದ್ದು ನನಗೆ ಕೇಳಿಸಲಿಲ್ಲ. ಅವಳು ಮಾತ್ರ ಕೇಳಿಸಿಕೊಂಡಳು.

ಚಿಪ್ಪು ತೆಗೆದ ಮೇಲೂ ಶಬ್ದ ಹೋಗಲಿಲ್ಲ. ಗರಗರ ಹೋಗಿ ಒಂಥರಾ ನಡುಗುವ ಗೊರಗೊರ ಉಳಿಯಿತು. ಸ್ಕ್ರೂಡ್ರೈವರ್ ಇಟ್ಟು ಕೇಳಿದೆ. ಬುಶ್, ಸಂಶಯವೇ ಇಲ್ಲ, ಪಂಪಿನ ಬುಶ್ ಹೋಗಿದೆ ಅಂತ ತೀರ್ಮಾನ ಮಾಡಿದೆ.

"ಕಂಪೆನಿಯವರಿಗೆ ಒಂದು ಫೋನ್ ಮಾಡುವುದಾ?" ಅಂತ ಅವಳು ಮೆಲ್ಲನೆ ಕೇಳಿದಳು. "ವಾರಂಟಿ ಉಂಟು ಅಂತ ಹೇಳಿದ್ದರಲ್ಲ."

"ಕಂಪೆನಿಯವರಾ? ಟೈ ಕಟ್ಟಿಕೊಂಡು ಬಂದು ಪುಸ್ತಕ ನೋಡಿ ಹೇಳುವವರು ಅವರು. ಮೂವತ್ತು ವರ್ಷ ಸರ್ವಿಸ್ ಇರುವವನು ಮನೆಯಲ್ಲೇ ಕೂತಿರುವಾಗ ಬೇರೆಯವರನ್ನು ಕರೆಯುವುದಾ? ಊರವರು ಎಂತ ಹೇಳಿಯಾರು?"

ನಾನು ಭಾನುವಾರ ಅಂಗಡಿ ಮುಚ್ಚಿ ಮಿಶನ್ನನ್ನು ಮಗುಚಿ ಹಾಕಿದೆ. ಕಂಪೆನಿಯ ಸೀಲ್ ಕಿತ್ತೆ. ಪಂಪು ಹೊರಗೆ ತೆಗೆದು, ಅಂಗಡಿಯಲ್ಲಿದ್ದ ಇನ್ನೊಂದು ಬುಶ್ಶನ್ನು ಅರದಿಂದ ತಿಕ್ಕಿ ಸಣ್ಣ ಮಾಡಿ ಕೂರಿಸಿದೆ. ಪಂಪಿನ ಅಡಿಯಲ್ಲಿ ಹಳೆಯ ಟ್ಯೂಬಿನ ರಬ್ಬರ್ ಕೊಟ್ಟೆ. ಇಡೀ ದಿನ ಅದೇ ಆಯಿತು. ಅವಳು ನನಗೆ ಚಾ, ಮತ್ತೆ ಊಟ, ಮತ್ತೆ ಚಾ ತಂದು ಕೊಟ್ಟಳು. ಸಂಜೆ ಓಡಿಸಿದಾಗ ಶಬ್ದ ತುಸು ಕಮ್ಮಿ ಇತ್ತು. "ನೋಡಿದೆಯಾ?" ಅಂದೆ. "ನೋಡಿದೆ," ಅಂದಳು.

ಮೂರನೆಯ ದಿನ ಮೊದಲಿಗಿಂತ ಜೋರಾಯಿತು.

ಆ ಮಧ್ಯಾಹ್ನದ್ದನ್ನು ಬರೆಯದೆ ಮುಂದೆ ಹೋದರೆ ಇದನ್ನು ಬರೆದೂ ಪ್ರಯೋಜನ ಇಲ್ಲ. ಅಂಗಡಿಯಲ್ಲಿ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ, ಬೆಳ್ತಂಗಡಿಯ ಗಿರಾಕಿಯೊಬ್ಬ ಬಾಯಿಗೆ ಬಂದಂತೆ ಮಾತಾಡಿ ಹೋಗಿದ್ದ. ಊಟ ಮಾಡಿ ಮಲಗಿದ್ದೆ ಅಷ್ಟೆ, ಗೊರಗೊರ ಸುರುವಾಯಿತು. ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ಬಂದು ಮಿಶನ್ನಿನ ಬಾಗಿಲಿಗೆ ಕಾಲಿನಿಂದ ಒದ್ದೆ. ಒಳಗಿದ್ದ ಬಟ್ಟಲುಗಳು ಝಣಝಣ ಅಂದವು. ಅವಳು ಒಲೆಯ ಹತ್ತಿರ ನಿಂತಿದ್ದಳು. ಅವಳ ಕಡೆ ತಿರುಗಿ ಬೊಬ್ಬೆ ಹಾಕಿದೆ. "ಯಾರಿಗೋಸ್ಕರ ತಂದದ್ದು ಇದನ್ನು? ನನಗಾ? ನಿನ್ನ ಒಂದು ಕೈಯ ದೆಸೆಯಿಂದ ಈ ಮನೆಯಲ್ಲಿ ಅರ್ಧ ಗಂಟೆ ಮಲಗುವ ಹಾಗೂ ಇಲ್ಲ! ಇನ್ನೊಮ್ಮೆ ಈ ಶಬ್ದ ನನ್ನ ಕಿವಿಗೆ ಬಿದ್ದರೆ ಇದನ್ನೂ ನಿನ್ನನ್ನೂ ಹೊರಗೆ ಹಾಕ್ತೇನೆ!"

ಹಾಗೆ ಹೇಳಿದೆ. ಇದ್ದದ್ದು ಇದ್ದ ಹಾಗೆ ಬರೆದಿದ್ದೇನೆ. ಅವಳು ಅಳಲಿಲ್ಲ. ಬಗ್ಗಿ ಗೋಡೆಯ ಸ್ವಿಚ್ಚು ಆರಿಸಿದಳು. ನಾನು ಹೋಗಿ ಪುನಃ ಮಲಗಿದೆ. ನಿದ್ದೆಯೂ ಬಂತು, ನನ್ನ ಜನ್ಮಕ್ಕಿಷ್ಟು!

ಮರುದಿನದಿಂದ ಶಬ್ದ ಇರಲಿಲ್ಲ. ಎರಡು ದಿನ ಬಿಟ್ಟು ನಾನೇ ಕೇಳಿದೆ, "ಮಿಶನ್ ಹಾಕುವುದಿಲ್ವಾ ಈಗ?"

"ನೀವು ಅಂಗಡಿಗೆ ಹೋದ ಮೇಲೆ ಹಾಕ್ತೇನೆ."

"ಶಬ್ದ?"

"ಇಲ್ಲ ಮಾರಾಯ್ರೆ. ಈಗ ಚೂರೂ ಇಲ್ಲ. ನೀವು ಹಾಕಿದ ಬುಶ್ಶು ಈಗ ಸರೀ ಕೂತಿರಬೇಕು."

ಹೊಸ ಬುಶ್ಶು ನಾಲ್ಕು ದಿನ ಓಡಿ ಹದಕ್ಕೆ ಬರುವುದುಂಟು. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ನನ್ನ ಕೂಡೆ ಮೂವತ್ತು ವರ್ಷ ಇದ್ದವಳಿಗೂ ಗೊತ್ತಿತ್ತು. ನಾನು ನಂಬಿದೆ. ಸಂಜೆ ಬಂದು ಮಿಶನ್ನಿನ ಬಾಗಿಲು ತೆರೆದರೆ ಒಳಗೆ ಬಟ್ಟಲು, ಲೋಟ ಸಾಲಾಗಿ ಹೊಳೆಯುತ್ತಿದ್ದವು, ಸೌಟು ಮಲಗಿತ್ತು. ಅಂಗಡಿಗೆ ಬಂದವರಿಗೆಲ್ಲ ಹೇಳಿದೆ, ಕಂಪೆನಿಯವರ ಕೈಯಲ್ಲಿ ಆಗದ್ದನ್ನು ನಾನು ಟ್ಯೂಬಿನ ರಬ್ಬರಿನಲ್ಲಿ ಮಾಡಿದೆ ಅಂತ. ಮೂಡುಬಿದಿರೆಗೆ ಹೋದಾಗ ಅಳಿಯನಿಗೂ ಹೇಳಿದೆ. ಮಗಳು ಚಾ ಬಗ್ಗಿಸುತ್ತ, "ಅಮ್ಮನ ಕೈ ಹೇಗುಂಟು?" ಅಂತ ಕೇಳಿದಳು. "ಅದಕ್ಕೆ ಎಂತ ಆಗ್ತದೆ? ರಾಣಿಯ ಹಾಗೆ ಇದ್ದಾಳೆ," ಅಂದೆ.

ಕೈ ಹೇಗಿತ್ತು ಅಂತ ನಾನು ನೋಡಿರಲಿಲ್ಲ. ಅವಳು ಮನೆಯಲ್ಲೂ ಉದ್ದ ತೋಳಿನ ನೈಟಿ ಹಾಕಲು ಸುರು ಮಾಡಿದ್ದಳು. ಸೆಕೆಗಾಲದಲ್ಲಿ ಯಾಕೆ ಅಂತ ಕೇಳಿದ್ದಕ್ಕೆ ಸೊಳ್ಳೆ ಅಂದಳು. ಒಂದು ದಿನ ನಾಲ್ಕು ಗಂಟೆಗೆ, ಕರೆಂಟು ಅಳೆಯುವ ಮೀಟರು ಮನೆಯಲ್ಲಿ ಮರೆತು ವಾಪಸು ಬಂದೆ. ಮನೆಯ ಹಿಂದೆ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತಿದ್ದಳು, ನೈಟಿಯ ಅಂಚು ಒದ್ದೆ. ನನ್ನನ್ನು ನೋಡಿ ಬೆಚ್ಚಿ ಬಿದ್ದಳು. "ಬಸಳೆಗೆ ನೀರು ಹಾಕ್ತಿದ್ದೆ," ಅಂದಳು. "ಬಾಲ್ದಿ ಎತ್ತಬೇಡ ಅಂತ ಎಷ್ಟು ಸಲ ಹೇಳುವುದು ನಿನಗೆ? ಡಾಕ್ಟ್ರು ಹೇಳಿದ್ದು ಮರೆತುಹೋಯ್ತಾ?" ಅಂತ ಅದಕ್ಕೂ ಬೈದೆ. ಅವಳ ಕೈಯ ಬಗ್ಗೆ ಕಾಳಜಿ ಮಾಡಿದೆ ಅಂತ ನನಗೆ ಸಮಾಧಾನವೂ ಆಯಿತು. ಕಲ್ಲಿನ ಹಿಂದೆ ಬಟ್ಟಲುಗಳ ರಾಶಿ ಇತ್ತು ಅಂತ ಈಗ ಗೊತ್ತು. ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಕಾಣುತ್ತಿತ್ತು.

ಎರಡು ತಿಂಗಳು ಹೀಗೇ ಹೋಯಿತು. ಒಂದು ಬೆಳಿಗ್ಗೆ ಎದ್ದವನಿಗೆ ಚಾ ಬರಲಿಲ್ಲ. "ಚಾ ಎಲ್ಲಿ?" ಅಂತ ಎರಡು ಸಲ ಕೂಗಿದೆ. ಮೂರನೆಯ ಸಲ ಕೂಗಿಕೊಂಡೇ ಕೋಣೆಗೆ ಹೋದೆ. ಅವಳು ಎರಡು ಹೊದಿಕೆ ಹೊದ್ದು ಗಡಗಡ ನಡುಗುತ್ತಿದ್ದಳು, ಮಂಚವೇ ಅಲುಗುತ್ತಿತ್ತು. ಹಣೆ ಮುಟ್ಟಿದರೆ ಕಾದ ಕಾವಲಿ. ಹೊದಿಕೆ ಸರಿಸಿದೆ. ಬಲಗೈ ಕೈಯ ಹಾಗೆ ಇರಲಿಲ್ಲ. ಬೆರಳಿನಿಂದ ಭುಜದವರೆಗೆ ಕೆಂಪು, ನೈಟಿಯ ತೋಳು ಹರಿದು ಹೋಗುವಷ್ಟು ಬಾತುಕೊಂಡಿತ್ತು, ಮೊಣಕೈಯ ಹತ್ತಿರ ನೀರು ಜಿನುಗುತ್ತಿತ್ತು. ತೋರುಬೆರಳಿನ ಬುಡದಲ್ಲಿ ಒಂದು ಗೀರು, ಅದರ ಸುತ್ತ ಕಪ್ಪು.

ನೆರೆಮನೆಯವರ ಕಾರಿನಲ್ಲಿ ಮಲಗಿಸಿಕೊಂಡು ಹೊರಟೆವು. ಫರಂಗಿಪೇಟೆಯಲ್ಲಿ ಲಾರಿಯೊಂದು ಅಡ್ಡ ನಿಂತು ಅರ್ಧ ಗಂಟೆ ದಾರಿ ಕಟ್ಟಿತು. ನನಗೆ ಯಾರಿಗೆ ಬೈಯಬೇಕು ಅಂತ ತೋಚದೆ ಲಾರಿಯವನಿಗೆ, ಪೊಲೀಸರಿಗೆ, ರಸ್ತೆ ಮಾಡಿದವರಿಗೆ ಬೈದೆ. ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿಕೊಂಡೇ, "ಸಾಕು ಮಾರಾಯ್ರೆ, ಬೊಬ್ಬೆ ಹಾಕಬೇಡಿ," ಅಂದಳು.

ಅದೇ ಡಾಕ್ಟರಮ್ಮ ಬಂದು ಕೈ ನೋಡಿದರು. ನಂಜು ರಕ್ತಕ್ಕೆ ಇಳಿದಿದೆ ಅಂದರು. ಬೆರಳಿನ ಗೀರನ್ನು ಬೆಳಕಿಗೆ ಹಿಡಿದು ನೋಡಿ, "ಇದು ಸ್ಟೀಲಿನ ನಾರು ಚುಚ್ಚಿದ್ದು. ಪಾತ್ರೆ ತಿಕ್ಕುವ ನಾರು," ಅಂದರು. "ಮನೆಯಲ್ಲಿ ಪಾತ್ರೆ ತೊಳೆಯುವುದು ಯಾರು?"

"ಮಿಶನ್, ಡಾಕ್ಟ್ರೆ. ನಾವು ಮಿಶನ್ ತಂದಿದ್ದೇವೆ. ಮಧ್ಯೆ ಹಾಳಾಗಿತ್ತು, ನಾನೇ ರಿಪೇರಿ ಮಾಡಿದೆ."

ಹೌದು, ಅಲ್ಲಿಯೂ ಹೇಳಿದೆ. ಡಾಕ್ಟರಮ್ಮ ನನ್ನನ್ನು ಒಮ್ಮೆ ನೋಡಿದರು, ಮಂಚದಲ್ಲಿದ್ದವಳನ್ನು ಒಮ್ಮೆ ನೋಡಿದರು. ಅವಳು ಗೋಡೆಯ ಕಡೆ ಮುಖ ಮಾಡಿದಳು. ಆಮೇಲೆ ಅವಳನ್ನು ಐಸಿಯುಗೆ ಒಯ್ದರು.

ಮೂರು ದಿನ ಹೊರಗಿನ ಬೆಂಚಿನಲ್ಲಿ ಕೂತೆ. ಮಗಳು ರಜೆ ಹಾಕಿ ಬಂದಳು. ನಾಲ್ಕನೆಯ ದಿನ, ಒಮ್ಮೆ ಮನೆಗೆ ಹೋಗಿ ಮಿಂದು ಬಟ್ಟೆ ತನ್ನಿ ಅಂತ ಮಗಳೇ ನನ್ನನ್ನು ಕಳಿಸಿದಳು. ಮನೆ ತಲುಪುವಾಗ ಹನ್ನೊಂದು ಗಂಟೆ. ಅಡುಗೆಮನೆಯಲ್ಲಿ ಆಸ್ಪತ್ರೆಗೆ ಹೊರಟ ದಿನದ ಹಿಂದಿನ ರಾತ್ರಿಯ ಬಟ್ಟಲುಗಳು ಹಾಗೇ ಬಿದ್ದಿದ್ದವು, ಇರುವೆ, ವಾಸನೆ. ತೊಳೆಯಬೇಕಲ್ಲ ಅಂತ ಎಲ್ಲವನ್ನೂ ಎತ್ತಿ ಮಿಶನ್ನಿಗೆ ಹಾಕಿದೆ. ಅದಕ್ಕೆ ಹಾಕುವ ಸೋಪಿನ ಪುಡಿ ಹುಡುಕಿದೆ. ಎರಡು ತಿಂಗಳ ಹಿಂದೆ ನಾನೇ ತಂದ ಪುಡಿಯ ಡಬ್ಬಿ ಸಿಂಕಿನ ಕೆಳಗೆ ಇತ್ತು, ಮೇಲಿನ ಕಾಗದ ಹರಿದೇ ಇರಲಿಲ್ಲ. ಅದರ ಪಕ್ಕದಲ್ಲಿ ಒಂದು ಪಾತ್ರೆ ಸೋಪು, ಸವೆದು ಬೆರಳಿನಷ್ಟು ತೆಳ್ಳಗಾದದ್ದು, ಒಂದು ಸ್ಟೀಲಿನ ನಾರು.

ಆಗಲೂ ನನಗೆ ಪೂರ್ತಿ ಹೊಳೆಯಲಿಲ್ಲ, ಇಷ್ಟು ದಡ್ಡ ನಾನು. ಪುಡಿ ಹಾಕಿ ಸ್ವಿಚ್ಚು ಒತ್ತಿದೆ.

ಗೊರಗೊರ ಅಂತ ಸುರುವಾಯಿತು. ಅದೇ ಶಬ್ದ. ಅಡಿಯ ನೆಲ ನಡುಗುವಷ್ಟು. ಸ್ಕ್ರೂಡ್ರೈವರು ಬೇಕಾಗಲಿಲ್ಲ, ಆ ಮಧ್ಯಾಹ್ನ ನಾನು ಒದ್ದಾಗ ಎಷ್ಟಿತ್ತೋ ಅಷ್ಟೇ, ಒಂದು ಚೂರು ಹೆಚ್ಚಿಲ್ಲ, ಕಮ್ಮಿ ಇಲ್ಲ. ಎರಡು ತಿಂಗಳು ಓಡಿದ ಪಂಪು ಹಾಗೆ ಇರುವುದಿಲ್ಲ. ಒಂದೋ ಸರಿಯಾಗುತ್ತದೆ, ಇಲ್ಲವೇ ಮುರಿದು ಬೀಳುತ್ತದೆ. ಇದು ಈ ಎರಡು ತಿಂಗಳು ಓಡಿಯೇ ಇರಲಿಲ್ಲ. ನಿಲ್ಲಿಸಿ, ಬಟ್ಟಲು ಹೊರಗಿಟ್ಟು, ತಳದ ಜಾಲರಿ ಬಿಚ್ಚಿದೆ. ಆಗತಾನೇ ಬಂದ ನೀರಿನಲ್ಲಿ ಹಲ್ಲಿಯ ಎರಡು ಮೊಟ್ಟೆಯ ಸಿಪ್ಪೆ ತೇಲುತ್ತಿದ್ದವು. ಹಲ್ಲಿ ಮೊಟ್ಟೆ ಇಟ್ಟು, ಮರಿಯಾಗಿ, ಹೊರಗೆ ಹೋಗುವಷ್ಟು ದಿನ ಆ ಮಿಶನ್ನಿನೊಳಗೆ ಒಂದು ತೊಟ್ಟು ನೀರು ಬಿದ್ದಿರಲಿಲ್ಲ. ಅವಳು ಹೊರಗೆ ತೊಳೆದು, ಬಟ್ಟೆಯಲ್ಲಿ ಒರಸಿ, ನಾನು ಸಂಜೆ ಬಾಗಿಲು ತೆರೆದು ನೋಡುತ್ತೇನೆ ಅಂತ ಒಳಗೆ ಸಾಲಾಗಿ ಜೋಡಿಸಿ ಇಡುತ್ತಿದ್ದಳು.

ಹಿಂದಿನ ಬಾಗಿಲು ತೆರೆದು ಬಾವಿಕಟ್ಟೆಗೆ ಹೋದೆ. ಒಗೆಯುವ ಕಲ್ಲಿನ ಹಿಂದೆ, ಅಡುಗೆಮನೆಯ ಕಿಟಕಿಗೂ ರಸ್ತೆಗೂ ಕಾಣದ ಜಾಗದಲ್ಲಿ ಒಂದು ಮಣೆ ಇತ್ತು. ಮಣೆಯ ಸುತ್ತ ನೆಲ ಸೋಪಿನಿಂದ ಬೆಳ್ಳಗಾಗಿತ್ತು. ಅಲ್ಲಿ ಕೂತುಬಿಟ್ಟೆ. ಅಳು ಬಂತು. ಯಾರೂ ಇಲ್ಲ ಅಂತ ಜೋರಾಗಿಯೇ ಅತ್ತೆ. ನನ್ನ ಮೇಲೆ ನನಗೆ ಹುಟ್ಟಿದ ಸಿಟ್ಟಿಗೆ ಒದೆಯಲು ಅಲ್ಲಿ ಏನೂ ಇರಲಿಲ್ಲ.

ಅವಳನ್ನು ವಾರ್ಡಿಗೆ ತಂದದ್ದು ಆರನೆಯ ದಿನ. ಜೀವ ಉಳಿಯಿತು, ಕೈಯ ವಿಷಯ ಈಗ ಹೇಳಲಾಗದು ಅಂದರು. ಮಗಳು ಕ್ಯಾಂಟೀನಿಗೆ ಹೋದ ಹೊತ್ತಿನಲ್ಲಿ ನಾನು ಸ್ಟೂಲು ಎಳೆದು ಹತ್ತಿರ ಕೂತೆ.

"ಮಿಶನ್ ಹಾಕಿ ನೋಡಿದೆ," ಅಂದೆ.

ಅವಳು ಸೀಲಿಂಗ್ ನೋಡುತ್ತಿದ್ದಳು. ಮತ್ತೆ, "ಸಿಟ್ಟು ಬಂತಾ?" ಅಂತ ಕೇಳಿದಳು.

"ಇಲ್ಲ ಮಾರಾಯ್ತಿ. ಯಾಕೆ ಹೇಳಲಿಲ್ಲ ನೀನು? ಶಬ್ದ ಉಂಟು ಅಂತ ಒಂದು ಮಾತು ಹೇಳಿದ್ದರೆ..."

"ಹೇಳಿದ್ದರೆ?"

ಅವಳೇ ಹೇಳಿದಳು, ಬೈಯುವ ಸ್ವರ ಅಲ್ಲ, ಮೀನಿನ ರೇಟು ಹೇಳುವ ಹಾಗೆ. "ಮಿಶನ್ನಿನ ಶಬ್ದ ನನಗೆ ಎಂತ ತೊಂದ್ರೆಯೂ ಇರ್ಲಿಲ್ಲ. ನೀವು ಬೊಬ್ಬೆ ಹಾಕುವಾಗ ನನಗೆ ಎದೆ ಹೊಡ್ಕೊಳ್ತದೆ. ಅದು ಕೇಳುವುದಕ್ಕಿಂತ ನಾಲ್ಕು ಬಟ್ಟಲು ತೊಳೆಯುವುದು ಸುಲಭ ಅಂತ ಕಂಡಿತು. ಎಡಗೈಯಲ್ಲೇ ತೊಳೆಯುವ ಅಂತ ಇದ್ದೆ. ಎಡಗೈಗೆ ಅಭ್ಯಾಸ ಆಗ್ಲಿಲ್ಲ."

"ಮೂವತ್ತು ವರ್ಷವೂ ಹೀಗೇನಾ?" ಅಂತ ಕೇಳಿದೆ.

"ಈಗ ಯಾಕೆ ಅದೆಲ್ಲ," ಅಂದಳು. ನೀರು ಕೇಳಿದಳು, ಕುಡಿಸಿದೆ.

ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಾರದು ಅಂತ ಹಿರಿಯರು ಹೇಳುತ್ತಿದ್ದರು. ಕೊಯ್ಯುವುದು ನನ್ನ ಮೂಗನ್ನಾದರೆ ಬೇರೆ ಮಾತು.

ಮನೆಗೆ ಬಂದು ಈಗ ಎಂಟು ತಿಂಗಳಾಯಿತು. ಕೈ ಇದೆ. ಎಡಗೈಯ ಎರಡರಷ್ಟು ದಪ್ಪ, ಬಟ್ಟೆಯ ಪಟ್ಟಿ ಸುತ್ತಿ ದಿಂಬಿನ ಮೇಲೆ ಇಟ್ಟುಕೊಂಡಿರುತ್ತಾಳೆ. ಬೆರಳುಗಳು ಮಡಚುವುದಿಲ್ಲ. ಎಲೆ ಕತ್ತರಿಸಿ, ಹುಡಿ ತುಂಬಿಸಿ, ನೋಡದೆಯೇ ಬೀಡಿ ಸುರುಟುತ್ತಿದ್ದ ಬೆರಳುಗಳಿಗೆ ಈಗ ಅನ್ನದ ತುತ್ತು ಹಿಡಿಯಲು ಆಗುವುದಿಲ್ಲ. ಎಡಗೈಯಲ್ಲಿ ಚಮಚದಿಂದ ತಿನ್ನುತ್ತಾಳೆ. ಮೊದಮೊದಲು ನೆಂಟರ ಎದುರು ತಿನ್ನಲು ಒಪ್ಪುತ್ತಿರಲಿಲ್ಲ.

ಮಿಶನ್ನಿಗೆ ಕೊನೆಗೂ ಕಂಪೆನಿಯವರನ್ನೇ ಕರೆಸಿದೆ, ಮಗಳ ಒತ್ತಾಯಕ್ಕೆ. ಒಬ್ಬ ಬಂದ, ಪಂಪು ಬಿಚ್ಚಿ, ನನಗೆ ಒಂದು ಪ್ಲಾಸ್ಟಿಕ್ ಚಕ್ರ ತೋರಿಸಿದ. ನೀರು ನೂಕುವ ಚಕ್ರ, ಅದರ ಎಸಳುಗಳಲ್ಲಿ ಒಂದು ಮುರಿದಿತ್ತು. ಚಿಪ್ಪಿನ ಚೂರು ಸಿಕ್ಕಿಕೊಂಡಾಗ ಮುರಿದದ್ದು. ಒಂದು ಎಸಳಿಲ್ಲದೆ ಚಕ್ರ ಓರೆಯಾಗಿ ತಿರುಗಿ ಗೊರಗೊರ ಅನ್ನುತ್ತಿತ್ತು, ಅಷ್ಟೆ. ಬುಶ್ಶಿಗೆ ಏನೂ ಆಗಿರಲಿಲ್ಲ. ಪಂಪು ಕೈಯಲ್ಲಿ ಹಿಡಿದ ದಿನ ಚಕ್ರವನ್ನು ಒಮ್ಮೆ ತಿರುಗಿಸಿ ನೋಡಿದ್ದರೆ ನನಗೇ ಕಾಣುತ್ತಿತ್ತು. ನಾನು ನೋಡಲಿಲ್ಲ, ನನ್ನ ಕಿವಿ ಮೊದಲೇ ತೀರ್ಪು ಕೊಟ್ಟಾಗಿತ್ತು. ಹೊಸ ಚಕ್ರ ಹಾಕಿ ಅವನು ಕಾಲು ಗಂಟೆಯಲ್ಲಿ ಹೋದ. ಈಗ ಶಬ್ದ ಇಲ್ಲ.

ನಾನು ಅದನ್ನು ಓಡಿಸುವುದಿಲ್ಲ. ನಾನೇ ತೊಳೆಯುತ್ತೇನೆ. ಅಂಗಡಿಗೆ ಹೋಗುವ ಮೊದಲು ಒಂದು ಸಲ, ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ. ಮೊದಲ ವಾರ ಕಿಟಕಿ ಮುಚ್ಚಿಕೊಂಡು ತೊಳೆದೆ, ಯಾರಾದರೂ ನೋಡಿಯಾರು ಅಂತ. ಈಗ ಕಿಟಕಿ ತೆರೆದೇ ಇರುತ್ತದೆ, ನೋಡಿದವರು ನೋಡಲಿ. ಇಬ್ಬರ ಪಾತ್ರೆಗೆ ಹತ್ತು ನಿಮಿಷ ಸಾಕು. ಮೀನಿನ ಮಣ್ಣಿನ ಪಾತ್ರೆ ಇದ್ದರೆ ಹದಿನೈದು. ಈ ಹತ್ತು ನಿಮಿಷವನ್ನು ನಾನು ಕೊಡಲಿಲ್ಲ. ಬೇರೆ ಏನು ಬರೆದರೂ ವಿಷಯ ಇಷ್ಟೇ.

ಬೊಬ್ಬೆಯನ್ನೂ ಬಿಟ್ಟಿದ್ದೇನೆ. ಬಿಟ್ಟಿದ್ದೇನೆ ಅಂತ ನಾನು ಅಂದುಕೊಂಡಿದ್ದೇನೆ. ಎಂಟು ತಿಂಗಳಿನಿಂದ ಮನೆಯಲ್ಲಿ ಸ್ವರ ಏರಿಸಿಲ್ಲ. ಸಿಟ್ಟು ಬಂದರೆ ಅಂಗಳಕ್ಕೆ ಹೋಗಿ ನಿಲ್ಲುತ್ತೇನೆ. ಅವಳಿಗೂ ಇದು ಗೊತ್ತಾಗಿರಬೇಕು, ಈಗ ಧೈರ್ಯವಾಗಿ ಇರುತ್ತಾಳೆ ಅಂತ ನಂಬಿಕೊಂಡಿದ್ದೆ.

ಮೊನ್ನೆ ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದೆ. ಅವಳು ಒಳಗೆ ಕೋಣೆಯಲ್ಲಿ, ಕೈಯನ್ನು ದಿಂಬಿನ ಮೇಲೆ ಇಟ್ಟು ಮಲಗಿದ್ದಳು. ಸೋಪಿನ ಕೈಯಿಂದ ಒಂದು ಗಾಜಿನ ಲೋಟ ಜಾರಿತು. ನೆಲಕ್ಕೆ ಬಿದ್ದು ಛಳ್ ಅಂತ ಒಡೆಯಿತು. ನಾನು ಬಾಯಿ ತೆರೆದಿರಲಿಲ್ಲ. ಉಸಿರು ಕೂಡ ತೆಗೆದುಕೊಂಡಿರಲಿಲ್ಲ. ಅಷ್ಟರಲ್ಲಿ ಕೋಣೆಯ ಒಳಗಿನಿಂದ ಅವಳ ಸ್ವರ ಬಂತು, ಅವಸರ ಅವಸರವಾಗಿ.

"ನಂದೇ ತಪ್ಪು, ನಂದೇ ತಪ್ಪು ಮಾರಾಯ್ರೆ. ನಾನೇ ಅದನ್ನು ಸಿಂಕಿನ ಅಂಚಿಗೆ ಇಟ್ಟದ್ದು."

ಎಂಟು ತಿಂಗಳಿನಿಂದ ಅವಳು ಒಂದು ಲೋಟವನ್ನೂ ಎತ್ತಿ ಇಟ್ಟಿಲ್ಲ.